ಕೊನೆಯ ನೆನಪೋಲೆ

ಸಾಲ ಕೊಟ್ಟವನಿಗೆ ನಿದ್ದೆಯಿಲ್ಲ ಎನ್ನುತ್ತಾರೆ. ಚಂದಾ ಎತ್ತುವವನಿಗಾದರೋ ನಿದ್ದೆಯೂ ಇಲ್ಲ, ನೆಂಟರೂ ಇಲ್ಲ. ಇದನ್ನು ಯಾವ ಪುಸ್ತಕದಲ್ಲೂ ಓದಿ ಹೇಳುತ್ತಿಲ್ಲ. ಎದುರಿಗೆ ಬರುತ್ತಿದ್ದ ಸ್ನೇಹಿತರು ನನ್ನನ್ನು ಕಂಡೊಡನೆ ಮೊಬೈಲನ್ನು ಕಿವಿಗಿಟ್ಟುಕೊಂಡು ಪಕ್ಕದ ಅಡ್ಡರಸ್ತೆಗೆ ತಿರುಗಿಬಿಡುವುದನ್ನು ವರ್ಷಗಟ್ಟಲೆ ನೋಡಿದ ಮೇಲೆ ಬಂದ ಜ್ಞಾನ ಇದು.

ನಾವಿರುವುದು ವಿಜಯನಗರದ ಆರ್‌ಪಿಸಿ ಲೇಔಟಿನಲ್ಲಿ. ಹಂಪಿನಗರ ಎಂಬ ಗಂಭೀರವಾದ ಹೆಸರೂ ಇದಕ್ಕುಂಟು. ನಾನು 1988ರಲ್ಲಿ ಇಲ್ಲಿಗೆ ಬಂದಾಗ ಮೆಜೆಸ್ಟಿಕ್ಕಿಗೆ ಹೋಗಬೇಕೆಂದರೆ ಬಿ.ಟಿ.ಎಸ್. ಬಸ್ಸಿನ ಫುಟ್‌ಬೋರ್ಡೇ ಗತಿಯಾಗಿತ್ತು. 2015ರ ನವೆಂಬರಿನಲ್ಲಿ ಮೆಟ್ರೊ ಬಂತು. ಈಗ ವಿಜಯನಗರದಲ್ಲೋ ಅತ್ತಿಗುಪ್ಪೆಯಲ್ಲೋ ಹತ್ತಿ ಕುಳಿತರೆ ಪೇಪರಿನ ಸಂಪಾದಕೀಯ ಮುಗಿಯುವಷ್ಟರಲ್ಲಿ ಮೆಜೆಸ್ಟಿಕ್ಕು. ನಮ್ಮ ಹಂಪಿನಗರದ ಗ್ರಂಥಾಲಯದಲ್ಲಿ ಮೊದಲು ನನ್ನಂಥ ಪಿಂಚಣಿದಾರರದೇ ಕಾರುಬಾರು. ಈಗ ಉತ್ತರ ಕರ್ನಾಟಕದ ಊರುಗಳಿಂದ ಬಂದು ರೂಮು ಮಾಡಿಕೊಂಡಿರುವ ಹುಡುಗ ಹುಡುಗಿಯರು ಸರ್ಕಾರಿ ಕೆಲಸದ ಪರೀಕ್ಷೆಗಳಿಗೆ ಓದುತ್ತ ಬಾಗಿಲಿನ ತನಕ ಕುಳಿತಿರುತ್ತಾರೆ. ಓದುವ ಮಕ್ಕಳನ್ನು ಬೆಳಗ್ಗೆ ಎದ್ದರೆ ನೋಡುತ್ತೇವಲ್ಲ, ಅದರಿಂದಲೇ ಇರಬೇಕು, ಉದ್ಯಾನದ ಕಲ್ಲುಬೆಂಚಿನ ಮೇಲೆ ಸೇರುತ್ತಿದ್ದ ನಮಗೊಂದು ಯೋಚನೆ ಹುಟ್ಟಿತು. ನಮ್ಮ ಬೀದಿಗಳಲ್ಲೇ ಮನೆಗೆಲಸ ಮಾಡುವವರ, ಇಸ್ತ್ರಿ ಹಾಕುವವರ, ರಾತ್ರಿ ಕಾವಲಿರುವವರ ಮಕ್ಕಳಿದ್ದಾರೆ. ಅವರ ಶಾಲೆ ಕಾಲೇಜಿನ ಶುಲ್ಕಕ್ಕೊಂದು ನಿಧಿ ಏಕೆ ಮಾಡಬಾರದು? ತಿಂಗಳಿಗೆ ತಲೆಗೆ 200 ರೂಪಾಯಿ. ಮೂವತ್ತೆಂಟು ಜನ ಸೇರಿದರು. ಖಜಾಂಚಿ ಯಾರು ಎಂಬ ಪ್ರಶ್ನೆ ಬಂದಾಗ ಎಲ್ಲರೂ ನನ್ನ ಮುಖ ನೋಡಿದರು. ಕಾರಣ ಇಷ್ಟೇ: ನಾನು ಜೀವಮಾನವೆಲ್ಲ ಜನರಿಗೆ ನೆನಪೋಲೆ ಕಳಿಸಿ ಸಂಬಳ ಎಣಿಸಿದವನು.

ನೆನಪೋಲೆ ಎಂಬುದು ಸರ್ಕಾರಿ ಕಚೇರಿಯ ಮಾತು. ಒಂದು ಪತ್ರ ಬರೆದು, ಉತ್ತರ ಬಾರದೆ ಹೋದರೆ ಮತ್ತೆ ಬರೆಯುತ್ತಾರಲ್ಲ, ಅದು ನೆನಪೋಲೆ. ಇಷ್ಟು ಚೆಂದದ ಪದವನ್ನು ಯಾವ ಪುಣ್ಯಾತ್ಮ ಕಟ್ಟಿದನೋ! ಕೇಳಿದರೆ ಪ್ರೇಮಪತ್ರವೇನೋ ಎನ್ನಿಸಬೇಕು. ಒಡೆದು ನೋಡಿದರೆ ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಉತ್ತರ ಈವರೆಗೂ ಬಂದಿರುವುದಿಲ್ಲ’ ಎಂದಿರುತ್ತದೆ. ನಾನು 1979ರಲ್ಲಿ ಗುಮಾಸ್ತನಾಗಿ ಸೇರಿದ ಕಚೇರಿಯಲ್ಲಿ ಇದಕ್ಕೊಂದು ಕ್ರಮವಿತ್ತು. ಮೊದಲು ಪತ್ರ. ಹದಿನೈದು ದಿನ ಬಿಟ್ಟು ಒಂದನೇ ನೆನಪೋಲೆ. ಮತ್ತೆ ಹದಿನೈದು ದಿನಕ್ಕೆ ಎರಡನೆಯದು. ಅದಕ್ಕೂ ಬಗ್ಗದಿದ್ದರೆ ಸಾಹೇಬರ ಹೆಸರಿನಲ್ಲಿ ಅರೆ ಸರ್ಕಾರಿ ಪತ್ರ. ಕೊನೆಗೆ ತಂತಿ. ಆ ತಂತಿಯೂ 2013ರ ಜುಲೈನಲ್ಲಿ ದೇಶದಲ್ಲೇ ನಿಂತುಹೋಯಿತು. ಒಂದನೆಯದಕ್ಕೆ ಸೈಕ್ಲೋಸ್ಟೈಲ್ ಮಾಡಿದ ಹಾಳೆಗಳ ಕಂತೆಯೇ ಇತ್ತು. ಹೆಸರು, ಪತ್ರದ ಸಂಖ್ಯೆ, ದಿನಾಂಕ ತುಂಬಿದರೆ ಆಯಿತು. ಅನಂತಸುಬ್ಬರಾಯರ ಕೀಲಿಮಣೆಯ ಕನ್ನಡ ಬೆರಳಚ್ಚು ಯಂತ್ರದ ಮೇಲೆ ಎರಡನೆಯದನ್ನು ನಾನೇ ಕುಟ್ಟುತ್ತಿದ್ದೆ.

ನಮ್ಮ ಸೂಪರಿಂಟೆಂಡೆಂಟರು ಮಾತ್ರ ಬೇರೆ ರೀತಿಯವರು. ಸೇರಿದ ಮೊದಲ ತಿಂಗಳಲ್ಲೇ ನಾನು ಉತ್ಸಾಹದಿಂದ ಒಂದೇ ದಿನ ಅರವತ್ತು ನೆನಪೋಲೆ ತಯಾರು ಮಾಡಿ ರುಜುವಿಗೆ ಇಟ್ಟೆ. ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, “ಉತ್ತರ ಬಂದಿಲ್ಲ ಅಂತ ನಿಂಗೆ ಹೇಗೆ ಗೊತ್ತಪ್ಪ?” ಎಂದರು.

“ಬಂದಿದ್ದರೆ ನನ್ನ ಮೇಜಿಗೆ ಬರ್ತಿತ್ತಲ್ಲ ಸಾರ್.”

“ನಿನ್ನ ಮೇಜಿಗೆ ಬಂದಿಲ್ಲ ಅಂದರೆ ಬಂದಿಲ್ಲ ಅಂತ ಅರ್ಥ ಅಲ್ಲ. ಮೊದಲು ಟಪಾಲಿನ ಸ್ವೀಕೃತಿ ವಹಿ ನೋಡು. ಆಮೇಲೆ ಪಕ್ಕದ ಶಾಖೆಯಲ್ಲಿ ಕೇಳು, ತಪ್ಪಿ ಅಲ್ಲಿಗೆ ಹೋಗಿರಬಹುದು. ಕೊನೆಗೆ ನಿನ್ನ ಮೇಜಿನ ಕಡತಗಳನ್ನೇ ಎತ್ತಿ ನೋಡು. ಮೂರೂ ಆದಮೇಲೆ ರುಜು ಹಾಕ್ತೀನಿ.”

ನೋಡಿದೆ. ಅರವತ್ತರಲ್ಲಿ ಹನ್ನೊಂದಕ್ಕೆ ಉತ್ತರ ಬಂದಿತ್ತು. ಅವುಗಳಲ್ಲಿ ನಾಲ್ಕು ನನ್ನ ಮೇಜಿನ ಮೇಲೆಯೇ, ಬೇರೆ ಕಡತದ ಹೊಟ್ಟೆಯಲ್ಲಿ ತಣ್ಣಗೆ ಮಲಗಿದ್ದವು. ಅಂದಿನಿಂದ 2016ರಲ್ಲಿ ನಿವೃತ್ತನಾಗುವವರೆಗೆ ಈ ಮೂರು ಮಾತುಗಳನ್ನು ಮೀರಲಿಲ್ಲ. ನಿವೃತ್ತನಾದ ಮೇಲೆ ಮೀರಿದೆ. ಆ ಕಥೆಯನ್ನೇ ಹೇಳಹೊರಟಿದ್ದೇನೆ.

ಕಚೇರಿಯಲ್ಲಿ ಸರ್ಕಾರದ ಪರವಾಗಿ ಕೇಳುವುದು ಬೇರೆ, ಸ್ನೇಹಿತರ ಬಳಿ ಇನ್ನೂರು ರೂಪಾಯಿ ಕೇಳುವುದು ಬೇರೆ. ಮೊದಲನೆಯದಕ್ಕೆ ಮೊಹರು ಸಾಕು. ಎರಡನೆಯದಕ್ಕೆ ಮುಖ ಬೇಕು. ‘ಬೆಳಗ್ಗೆ ಕೊಡ್ತೀನಿ’, ‘ಚಿಲ್ಲರೆ ಇಲ್ಲ’, ‘ಕೊಟ್ಟಂಗಿತ್ತಲ್ಲಾ?’ ಎಂಬ ಉತ್ತರಗಳನ್ನು ಕೇಳಿ ಕೇಳಿ ಸಾಕಾಗಿ, 2024ರ ಸಂಕ್ರಾಂತಿಯ ಹಿಂದಿನ ದಿನ ಮನೆಯಲ್ಲಿ ರಾಜೀನಾಮೆಯ ಮಾತೆತ್ತಿದೆ. ಮಗಳು ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸದಲ್ಲಿದ್ದಾಳೆ. ಎಳ್ಳು-ಬೆಲ್ಲದ ಪೊಟ್ಟಣ ಕಟ್ಟುತ್ತಿದ್ದವಳು ತಲೆಯೆತ್ತಿ, “ಇದಕ್ಯಾಕಪ್ಪಾ ಇಷ್ಟು ಒದ್ದಾಟ? ಪೈಥಾನಿನಲ್ಲಿ ಒಂದು ಪ್ರೋಗ್ರಾಮ್ ಬರೆದುಕೊಡ್ತೀನಿ. ಲೈಬ್ರರಿ ಇದೆ, ತಗೊಂಡರಾಯಿತು” ಎಂದಳು.

“ಇಷ್ಟು ಹೊತ್ತಿನಲ್ಲಿ ಲೈಬ್ರರಿ ತೆಗೆದಿರತ್ತೇನೇ?” ಎಂದೆ ನಾನು.

ಅವಳು ನಕ್ಕ ನಗು ಅಡುಗೆಮನೆಯಿಂದ ಅವರಮ್ಮನನ್ನು ಹೊರಗೆ ಕರೆತಂದಿತು. ಲೈಬ್ರರಿ ಎಂದರೆ ಈ ಜನರ ಭಾಷೆಯಲ್ಲಿ ಪುಸ್ತಕ ಭಂಡಾರವಲ್ಲ. ಯಾರೋ ಬರೆದು, ಎಲ್ಲರೂ ಬಳಸಲೆಂದು ಬಿಟ್ಟುಕೊಟ್ಟಿರುವ ಸಿದ್ಧ ಕೆಲಸ. ಮಸಾಲೆಪುಡಿಯನ್ನು ಮನೆಯಲ್ಲಿ ಕುಟ್ಟುವ ಬದಲು ಅಂಗಡಿಯಿಂದ ತಂದಂತೆ. ಮಗಳು ತಂದ ಪುಡಿಯ ಹೆಸರು ಎಪಿಶೆಡ್ಯೂಲರ್. ಇಂಥ ದಿನ ಇಂಥ ಹೊತ್ತಿಗೆ ಇಂಥ ಕೆಲಸ ಮಾಡು ಎಂದು ಬರೆದಿಟ್ಟರೆ ಆ ಹೊತ್ತಿಗೆ ಎದ್ದು ಮಾಡುವುದು ಅದರ ಧರ್ಮ. ಮೂರು ಬಗೆಯಲ್ಲಿ ಹೇಳಬಹುದು: ಒಂದೇ ಸಲ ಇಂಥ ತಾರೀಖಿಗೆ, ಇಷ್ಟಿಷ್ಟು ಹೊತ್ತಿಗೊಮ್ಮೆ, ಅಥವಾ ಪ್ರತಿ ತಿಂಗಳ ಒಂದನೇ ತಾರೀಖು ಎಂಬಂತೆ ಪಂಚಾಂಗದ ಲೆಕ್ಕದಲ್ಲಿ. ಈ ಮೂರನೆಯದಕ್ಕೆ ಕ್ರಾನ್ ಎನ್ನುತ್ತಾರೆ. 1970ರ ದಶಕದಲ್ಲೇ ಯುನಿಕ್ಸ್ ಗಣಕಗಳಲ್ಲಿ ಹೊತ್ತುಹೊತ್ತಿಗೆ ಕೆಲಸ ಎಬ್ಬಿಸುವ ಈ ಹೆಸರಿನ ಕಾವಲುಗಾರನಿದ್ದನಂತೆ. ನಮ್ಮ ಹಳ್ಳಿಯ ತಳವಾರನ ಹಾಗೆ.

ನಾವು ಹಾಕಿಕೊಂಡ ಕ್ರಮ ಹೀಗಿತ್ತು. ತಿಂಗಳ ಒಂದರಂದು ವಿನಯದ ಪತ್ರ. ನಾಲ್ಕರಂದು ಒಂದನೇ ನೆನಪೋಲೆ. ಎಂಟರಂದು ಎರಡನೆಯದು. ಹದಿನೈದರಂದು ಮೂರನೆಯದು ಮತ್ತು ಕೊನೆಯದು. ನಾಲ್ಕೂ ಪತ್ರಗಳ ಒಕ್ಕಣೆ ನನ್ನದೇ. ಅಷ್ಟು ವರ್ಷದ ಸೇವೆಯ ಸಾರವನ್ನೆಲ್ಲ ಅದರಲ್ಲಿ ಹಿಂಡಿದ್ದೆ. ಕೊನೆಯ ಪತ್ರದಲ್ಲಿ ‘ತಾವು ಸ್ವಇಚ್ಛೆಯಿಂದ ಒಪ್ಪಿಕೊಂಡ ಹೊಣೆಯನ್ನು ನಿರ್ವಹಿಸಲು ಅಶಕ್ತರಾದಲ್ಲಿ ತಿಳಿಸತಕ್ಕದ್ದು’ ಎಂಬ ವಾಕ್ಯ ಬರೆದು, ಅದನ್ನು ನಾಲ್ಕು ಸಲ ಓದಿ ಸಂತೋಷಪಟ್ಟೆ.

ಮರುದಿನ, ಸೋಮವಾರ, ಬೆಳಗ್ಗೆ ಎಂಟಕ್ಕೆ ಪರೀಕ್ಷೆ ಎಂದು ಗೊತ್ತುಮಾಡಿದ್ದೆವು. “ಸೋಮವಾರ ಏಳೂವರೆಯಿಂದ ಒಂಬತ್ತು ರಾಹುಕಾಲ ಕಣ್ರೀ” ಎಂದು ಮನೆಯಾಕೆ ತಡೆದಳು. ಮಗಳು ಒಂದು ಅಂಕಿ ತಿದ್ದಿ ಒಂಬತ್ತು ಗಂಟೆ ಐದು ನಿಮಿಷ ಮಾಡಿದಳು. ಸರಿಯಾಗಿ ಆ ಹೊತ್ತಿಗೆ ನನ್ನ ಮೊಬೈಲಿಗೆ ನನ್ನದೇ ಪತ್ರ ಬಂತು. ನನಗೆ ನಾನೇ ಕಳಿಸಿಕೊಂಡ ಪತ್ರ ಓದಿ ಹಿಗ್ಗಿದ್ದು ಅದೇ ಮೊದಲು.

ತೊಡಕುಗಳೂ ಬಂದವು. ಆ ವಾರ ಎರಡು ಸಲ ಕರೆಂಟು ಹೋಗಿ ಬಂತು. ಮನೆಯ ಹಳೆಯ ಕಂಪ್ಯೂಟರು ಎರಡು ಸಲ ಮಲಗಿ ಎದ್ದಿತು. ಮುಂದಿನ ಪರೀಕ್ಷೆಯ ಪತ್ರ ಒಂದರ ಬದಲು ಮೂರು ಬಂದವು. ಕೆಲಸಗಳ ಪಟ್ಟಿಯನ್ನು ಕಂಪ್ಯೂಟರು ಮರೆಯದಿರಲೆಂದು ಮಗಳು ಅದನ್ನು ಒಂದು ದಾಖಲೆಯಲ್ಲಿ ಬರೆದಿಡುವ ಏರ್ಪಾಡು ಮಾಡಿದ್ದಳು. ಆದರೆ ಪ್ರತಿ ಕೆಲಸಕ್ಕೂ ಒಂದು ಗುರುತಿನ ಹೆಸರು ಕೊಟ್ಟು, ‘ಇದೇ ಹೆಸರಿನದು ಮೊದಲೇ ಇದ್ದರೆ ಅದರ ಜಾಗಕ್ಕೆ ಇದನ್ನಿಡು’ ಎಂದು ಹೇಳಿರಲಿಲ್ಲ. ಹಾಗಾಗಿ ಎದ್ದಾಗಲೆಲ್ಲ ಅದೇ ಕೆಲಸವನ್ನು ಹೊಸದೆಂದು ಮತ್ತೆ ಬರೆದುಕೊಂಡಿತ್ತು. ಕೈಪಿಡಿಯಲ್ಲಿ ಈ ಎಚ್ಚರಿಕೆ ದೊಡ್ಡದಾಗಿಯೇ ಇತ್ತು, ಓದಿದವರು ನಾವಲ್ಲ. ಇನ್ನೊಂದು ಸಂಗತಿ: ಹೇಳಿದ ಹೊತ್ತಿಗೆ ಕಂಪ್ಯೂಟರು ಮಲಗಿದ್ದರೆ ಆ ಕೆಲಸ ತಪ್ಪಿಯೇ ಹೋಗುತ್ತದೆ. ಎಷ್ಟು ತಡವಾದರೂ ಪರವಾಗಿಲ್ಲ ಎಂದು ನಾವೇ ಒಂದು ವಾಯಿದೆ ಕೊಡಬೇಕು. ಆ ಲೈಬ್ರರಿಯ ಮೂರನೆಯ ಆವೃತ್ತಿಯಲ್ಲಿ, ನಾವೇನೂ ಹೇಳದಿದ್ದರೆ, ಆ ವಾಯಿದೆ ಒಂದೇ ಸೆಕೆಂಡು! ನಮ್ಮ ಕಚೇರಿಯ ಹಾಜರಿ ಪುಸ್ತಕ ಇಷ್ಟು ಕಟ್ಟುನಿಟ್ಟಾಗಿದ್ದಿದ್ದರೆ ಇಡೀ ಇಲಾಖೆ ದಿನವೂ ಗೈರುಹಾಜರಾಗುತ್ತಿತ್ತು.

ಉತ್ತರ ಬಂದರೆ ಪತ್ರಗಳು ನಿಲ್ಲಬೇಕಲ್ಲ, ಅದಕ್ಕೂ ಉಪಾಯವಿತ್ತು. ಪ್ರತಿ ಮಿಂಚಂಚೆಗೂ ಒಂದು ಗುರುತಿನ ಸಂಖ್ಯೆಯಿರುತ್ತದೆ; ನಾವು ‘ಉತ್ತರಿಸು’ ಎಂಬ ಗುಂಡಿ ಒತ್ತಿ ಬರೆದರೆ ಆ ಸಂಖ್ಯೆ ಉತ್ತರದ ತಲೆಪಟ್ಟಿಯಲ್ಲಿ ಕಣ್ಣಿಗೆ ಕಾಣದಂತೆ ಹೋಗಿ ಕೂರುತ್ತದೆ. 1982ರಲ್ಲಿ ಮಾಡಿದ ನಿಯಮಗಳಲ್ಲೇ ಇದು ಇತ್ತಂತೆ. ಸರ್ಕಾರಿ ಪತ್ರದಲ್ಲಿ ‘ಉಲ್ಲೇಖ: ತಮ್ಮ ಪತ್ರ ಸಂಖ್ಯೆ ಇಂಥದ್ದು’ ಎಂದು ಬರೆಯುತ್ತಿದ್ದೆವಲ್ಲ, ಅದೇ ಇದು. ಕೇಳಿ ನನಗೆ ಬಹಳ ಸಮಾಧಾನವಾಯಿತು. ಜಗತ್ತು ಎಷ್ಟು ಮುಂದೆ ಹೋದರೂ ಗುಮಾಸ್ತನನ್ನು ಬಿಟ್ಟು ಹೋಗಿಲ್ಲ. ಒಬ್ಬರು ರಜೆಯ ಮೇಲಿದ್ದರು. ಅವರ ಕಂಪ್ಯೂಟರು ‘ನಾನು ಊರಿನಲ್ಲಿಲ್ಲ’ ಎಂದು ತಾನೇ ಬರೆದದ್ದನ್ನು ನಮ್ಮ ಕಂಪ್ಯೂಟರು ಉತ್ತರವೆಂದು ತಿಳಿದು ಸುಮ್ಮನಾಯಿತು. ಇಂಥ ಯಂತ್ರದ ಉತ್ತರಗಳು ತಾವು ಯಂತ್ರದವೆಂದು ತಲೆಪಟ್ಟಿಯಲ್ಲಿ ಹೇಳಿಕೊಳ್ಳಬೇಕೆಂದು 2004ರಲ್ಲಿ ಒಂದು ನಿಯಮಪತ್ರ ಬಂದಿದೆ. ಮಗಳು ಅದನ್ನು ನೋಡುವಂತೆ ತಿದ್ದಿದಳು. ಪತ್ರ ಬೇಡವಾದವರು ಒತ್ತಲೆಂದು ಕೆಳಗೊಂದು ಕೊಂಡಿಯನ್ನೂ ಇಟ್ಟಳು. ದಿನಕ್ಕೆ 5000ಕ್ಕಿಂತ ಹೆಚ್ಚು ಪತ್ರ ಕಳಿಸುವ ವ್ಯಾಪಾರಿಗಳಿಗೆ ಇಂಥ ಸೌಲಭ್ಯ ಕಡ್ಡಾಯವೆಂದು ಜಿಮೇಲ್, ಯಾಹೂಗಳು ನಿಯಮ ತಂದದ್ದೂ ಅದೇ 2024ರಲ್ಲಿ. ಮೂವತ್ತೆಂಟು ಪತ್ರದ ನಮಗೆ ಅದು ಅನ್ವಯಿಸದು, ಆದರೂ ಇರಲಿ ಎಂದಳು. ದುಡ್ಡು ಬ್ಯಾಂಕಿಗೆ ಬಂದರೆ, ಅಥವಾ ಕೈಗೆ ಕೊಟ್ಟರೆ, ಲೆಕ್ಕದ ಹಾಳೆಯಲ್ಲಿ ಆ ಹೆಸರಿನ ಮುಂದೆ ನಾನು ಗುರುತು ಹಾಕಬೇಕು. ಹಾಕಿದರೆ ಪತ್ರ ನಿಲ್ಲುತ್ತದೆ. ನನ್ನ ಪಾಲಿಗೆ ಉಳಿದದ್ದು ಅಷ್ಟೇ ಕೆಲಸ.

ಫೆಬ್ರುವರಿ ಒಂದರಂದು ನಿಜವಾದ ಪತ್ರಗಳು ಹೊರಟವು. ಏನು ಹೇಳಲಿ! ಎರಡೇ ದಿನದಲ್ಲಿ ಹತ್ತೊಂಬತ್ತು ಜನರ ದುಡ್ಡು ಬಂತು. ನಾಲ್ಕರ ಪತ್ರಕ್ಕೆ ಇನ್ನೂ ಹತ್ತು. ಎದುರಿಗೆ ಸಿಕ್ಕಿದವರು ಅಡ್ಡರಸ್ತೆಗೆ ತಿರುಗುವುದನ್ನು ಬಿಟ್ಟರು, ಏಕೆಂದರೆ ನಾನು ಕೇಳುವುದನ್ನೇ ಬಿಟ್ಟಿದ್ದೆ. ಕೇಳುತ್ತಿದ್ದದ್ದು ಕಂಪ್ಯೂಟರು. ಉತ್ಸಾಹದಲ್ಲಿ ಮಿಂಚಂಚೆಯ ಚರಿತ್ರೆಯನ್ನೂ ಓದಿಕೊಂಡೆ. 1971ರಲ್ಲಿ ರೇ ಟಾಮ್ಲಿನ್‌ಸನ್ ಎಂಬ ಅಮೆರಿಕದ ಎಂಜಿನಿಯರು ಒಂದು ಗಣಕದಿಂದ ಇನ್ನೊಂದಕ್ಕೆ ಮೊದಲ ಪತ್ರ ಕಳಿಸಿದ. ಏಳೇ ವರ್ಷಕ್ಕೆ, 1978ರಲ್ಲಿ, ಗ್ಯಾರಿ ಥರ್ಕ್ ಎಂಬ ಮಾರಾಟಗಾರ ಸುಮಾರು 400 ಜನರಿಗೆ ಒಂದೇ ಜಾಹೀರಾತನ್ನು ಒಟ್ಟಿಗೆ ಕಳಿಸಿದ. ಬೈಗುಳವೂ ಬಂತಂತೆ, ವ್ಯಾಪಾರವೂ ಆಯಿತಂತೆ. ವ್ಯಾಪಾರ ಆಯಿತಲ್ಲ ಎಂಬುದಷ್ಟೇ ಆಗ ನನ್ನ ತಲೆಗೆ ಹೋಯಿತು.

ಹದಿನೈದರ ಹೊತ್ತಿಗೆ ಉಳಿದಿದ್ದವರು ಒಬ್ಬರೇ: ನಮ್ಮ ಮೇಷ್ಟ್ರು. ಬೆಂಚಿನ ಗೆಳೆಯರಲ್ಲಿ ಹಿರಿಯರು. ಹೆಂಡತಿ ತೀರಿಕೊಂಡ ಮೇಲೆ ಎರಡು ಅಡ್ಡರಸ್ತೆ ಆಚೆಯ ಮನೆಯಲ್ಲಿ ಒಬ್ಬರೇ ಇದ್ದಾರೆ. ನಿಧಿಯ ವಿಚಾರ ಮೊದಲು ಎತ್ತಿದ್ದೇ ಅವರು. ಆದರೂ ಯಂತ್ರಕ್ಕೆ ಮೇಷ್ಟ್ರೆಂಬ ಮುಲಾಜಿಲ್ಲ. ಕೊನೆಯ ನೆನಪೋಲೆ ಹೋಯಿತು. ಅಂದು ಸಂಜೆಯೇ ಅವರ ವಿಳಾಸದಿಂದ ಎರಡು ಸಾಲಿನ ಉತ್ತರ ಬಂತು: ‘ಇಡೀ ವರ್ಷದ್ದು 2400 ರೂಪಾಯಿ ಕಟ್ಟಿದೆ. ಇನ್ನು ಪತ್ರ ಬೇಡ.’ ಬ್ಯಾಂಕಿನಿಂದ ಸಂದೇಶವೂ ಬಂತು. ಲೆಕ್ಕದ ಹಾಳೆಯಲ್ಲಿ ಹನ್ನೆರಡು ತಿಂಗಳಿಗೂ ಗುರುತು ಹಾಕಿದೆ. ಮೂವತ್ತೆಂಟಕ್ಕೆ ಮೂವತ್ತೆಂಟು! ಮರುದಿನ ಬೆಂಚಿನ ಮೇಲೆ ಕುಳಿತು ಇದನ್ನೇ ಹೇಳಿದ್ದು, ಹೇಳಿದ್ದು.

ಆ ಮರುದಿನದಿಂದ ಮೇಷ್ಟ್ರು ಬೆಂಚಿಗೆ ಬರಲಿಲ್ಲ. ಮೊಣಕಾಲು ನೋವಿರಬೇಕು ಎಂದುಕೊಂಡೆವು. ಪುಣೆಯ ಮಗನ ಮನೆಗೆ ಹೋಗಿರಬೇಕು ಎಂದರು ಯಾರೋ. ಹೋಗಿ ನೋಡಿಕೊಂಡು ಬರಬೇಕು ಎಂದು ನಾನು ಎಷ್ಟೋ ಸಲ ಅಂದುಕೊಂಡೆ. ಆ ಕೆಲಸಕ್ಕೆ ನನಗೆ ಯಾರೂ ನೆನಪೋಲೆ ಕಳಿಸಲಿಲ್ಲ, ನಾನೂ ಹೋಗಲಿಲ್ಲ.

ಏಪ್ರಿಲ್ 9ರಂದು ಯುಗಾದಿ. ಶೋಭಕೃತ್ ಸಂವತ್ಸರ ಹೋಗಿ ಕ್ರೋಧಿ ಬಂದಿತ್ತು. ಹೊಸ ಪಂಚಾಂಗವನ್ನು ದೇವರ ಮುಂದಿಡುತ್ತ ಮನೆಯಾಕೆ ಹಳೆಯದನ್ನು ತೆಗೆದು ನನ್ನ ಕೈಗೆ ಕೊಟ್ಟಳು. ಅದರೊಳಗಿಂದ ಒಂದು ಲಕೋಟೆ ಜಾರಿ ಬಿತ್ತು. ಮೇಲೆ ಮುತ್ತು ಪೋಣಿಸಿದಂಥ ಅಕ್ಷರ: ‘ವಿದ್ಯಾರ್ಥಿ ನಿಧಿಗೆ. ಫೆಬ್ರುವರಿ, ಮಾರ್ಚ್. ರೂ. 400.’ ಕೆಳಗೆ ಮೇಷ್ಟ್ರ ರುಜು. ತಾರೀಖು 2-2-2024.

“ಇದು ಇಲ್ಲಿಗೆ ಹೇಗೆ ಬಂತೇ?”

“ನಾನೇ ಇಟ್ಟಿದ್ದು ಕಣ್ರೀ. ಮೇಷ್ಟ್ರು ಬಂದು ಕೊಟ್ಟುಹೋದರು. ನೀವು ಕಂಪ್ಯೂಟರ್ ಮುಂದೆ ಕೂತಿದ್ರಿ. ಪಂಚಾಂಗದಲ್ಲಿ ಇಟ್ಟಿದ್ದೀನಿ ಅಂತ ಹೇಳಿದೆನಲ್ಲ, ಹೂಂ ಅಂದ್ರಿ.”

ಹೂಂ ಅಂದಿದ್ದೆ. ಅಂದದ್ದು ಚೆನ್ನಾಗಿ ನೆನಪಿಗೆ ಬಂತು. ಬ್ಯಾಂಕಿಗೆ ಬಂದ ಹಣದ ಲೆಕ್ಕ ನೋಡುತ್ತ, ಪತ್ರಕ್ಕೆ ಎಷ್ಟು ಫಲ ಬಂತೆಂದು ಎಣಿಸುತ್ತ ಕುಳಿತಿದ್ದವನು, ಬಾಗಿಲಿಗೆ ಬಂದು ಹೋದ ದುಡ್ಡಿಗೆ ಹೂಂ ಅಂದಿದ್ದೆ. ‘ನಿನ್ನ ಮೇಜಿನ ಕಡತಗಳನ್ನೇ ಎತ್ತಿ ನೋಡು’ ಎಂದ ಸೂಪರಿಂಟೆಂಡೆಂಟರು ಈಗಿಲ್ಲ. ಇದ್ದಿದ್ದರೆ ಆ ಹೊತ್ತು ಅವರಿಗೆ ಮುಖ ತೋರಿಸಲು ನನ್ನಿಂದ ಆಗುತ್ತಿರಲಿಲ್ಲ.

ಬೇವು-ಬೆಲ್ಲ ಬಾಯಿಗೆ ಹಾಕಿಕೊಂಡವನೇ ಲಕೋಟೆ ಹಿಡಿದು ಹೊರಟೆ. ಮೇಷ್ಟ್ರು ಬಾಗಿಲು ತೆಗೆದು, “ಬನ್ನಿ, ಬನ್ನಿ. ಹಬ್ಬದ ದಿನ ಬಂದಿರಿ, ಸಂತೋಷ” ಎಂದು ಒಳಗೆ ಕರೆದರು. ಹಜಾರದಲ್ಲಿ ಎರಡು ರಟ್ಟಿನ ಪೆಟ್ಟಿಗೆಗಳಿದ್ದವು. ಒಂದರಲ್ಲಿ ಪುಸ್ತಕಗಳನ್ನು ಜೋಡಿಸಿದ್ದರು.

“ಎಲ್ಲಿಗೆ ಮೇಷ್ಟ್ರೇ?”

“ಪುಣೆಗೆ. ಮಗ ಬಾ ಅಂತಿದಾನೆ. ಒಬ್ಬರೇ ಇರೋದು ಬೇಡ ಅಂತ.” ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ನನಗೆ ಮರೆವು ಶುರುವಾಗಿದೆಯಂತೆ.”

ಮೆಲ್ಲಗೆ ಒಂದೊಂದೇ ವಿಷಯ ಹೊರಗೆ ಬಂತು. ಇ-ಮೇಲು ವಿಳಾಸ ಮಾಡಿಕೊಟ್ಟವನು ಮಗ. ಅದಕ್ಕೆ ಬರುವ ಪತ್ರ ನೋಡುವವನೂ ಅವನೇ. ಮೇಷ್ಟ್ರು ಅದನ್ನು ತೆರೆದವರಲ್ಲ. ನಮ್ಮ ಒಂದೊಂದು ಪತ್ರವೂ ಪುಣೆಯಲ್ಲಿ ಅವನ ಮೊಬೈಲಿನಲ್ಲಿ ಟಿಂಗ್ ಎಂದಿದೆ. ಎರಡನೆಯ ನೆನಪೋಲೆಗೆ ಅವನು ಫೋನು ಮಾಡಿ ಕೇಳಿದ್ದಾನೆ. ‘ಕೊಟ್ಟಿದ್ದೀನಿ ಕಣೋ, ಮನೆಗೇ ಹೋಗಿ ಕೊಟ್ಟುಬಂದೆ’ ಎಂದಿದ್ದಾರೆ. ಒಂದು ವಾರಕ್ಕೆ ಕೊನೆಯ ನೆನಪೋಲೆ ಹೋಗಿದೆ. ನನ್ನ ‘ಅಶಕ್ತರಾದಲ್ಲಿ ತಿಳಿಸತಕ್ಕದ್ದು’ ಸಮೇತ. ಮಗ ಅವಮಾನದಿಂದ ವರ್ಷದ ದುಡ್ಡು ಕಟ್ಟಿ, ಫೋನಿನಲ್ಲಿ, ‘ಅಪ್ಪಾ, ಅವರು ಸುಮ್ಮಸುಮ್ಮನೆ ನಾಲ್ಕು ಸಲ ಬರೀತಾರಾ? ನೀವೇ ಎಲ್ಲೋ ಇಟ್ಟು ಕೊಟ್ಟೆ ಅಂದ್ಕೊಂಡಿದ್ದೀರಿ’ ಎಂದಿದ್ದಾನೆ. ಅವನದು ತಪ್ಪಲ್ಲ. ಮಗನಾದವನು ಹೆದರುತ್ತಾನೆ.

“ಮೊದಲು ನನಗೆ ಅನುಮಾನವೇ ಇರಲಿಲ್ಲ” ಎಂದರು ಮೇಷ್ಟ್ರು. “ಆಮೇಲಾಮೇಲೆ, ಹೌದೇನೋ ಅನ್ನಿಸಿತು. ಕೊಡಬೇಕು ಅಂದ್ಕೊಂಡು ಹೊರಟಿದ್ದನ್ನೇ ಕೊಟ್ಟೆ ಅಂತ ತಿಳ್ಕೊಂಡಿದ್ದೀನೋ ಏನೋ. ಗ್ಯಾಸ್ ಆರಿಸಿದ್ದೀನೋ ಇಲ್ಲವೋ ಅಂತ ರಾತ್ರಿ ಮೂರು ಸಲ ಎದ್ದು ನೋಡ್ತೀನಿ ಈಗ.”

ನನ್ನ ಬಾಯಿಂದ ಮಾತು ಹೊರಡಲಿಲ್ಲ. ಲಕೋಟೆಯನ್ನು ಅವರ ಮುಂದೆ ಇಟ್ಟೆ. ಅವರು ಕನ್ನಡಕ ಹಾಕಿಕೊಂಡು ತಮ್ಮ ಅಕ್ಷರವನ್ನು ತಾವೇ ಓದಿದರು. ತಾರೀಖಿನ ಮೇಲೆ ಬೆರಳಿಟ್ಟು ಮತ್ತೊಮ್ಮೆ ಓದಿದರು. “ಅಂದರೆ ಕೊಟ್ಟಿದ್ದೆ” ಎಂದರು. ನನಗೆ ಹೇಳಿದ್ದಲ್ಲ ಅದು.

ನಾನು ಕೈಮುಗಿದು ತಪ್ಪೊಪ್ಪಿಕೊಂಡೆ. ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. “ನೀವೇ ಬಂದು ಕೇಳಿದ್ದರೆ, ಕೊಟ್ಟೆನಲ್ರೀ ಅಂತ ಒಂದು ಮಾತಿನಲ್ಲಿ ಮುಗಿದುಹೋಗ್ತಿತ್ತು. ಶಾಲೆಯಲ್ಲಿ ಹಾಜರಿ ಕೂಗ್ತಿದ್ದೆ ನಾನು. ಬಂದಿದ್ದೇನೆ ಸಾರ್ ಅಂದ ಹುಡುಗನ ಹೆಸರನ್ನೇ ಮತ್ತೆ ಮತ್ತೆ ಕೂಗಿದರೆ, ಕೊನೆಗೆ ಅವನಿಗೇ ತಾನು ಬಂದಿದ್ದೀನೋ ಇಲ್ಲವೋ ಅಂತ ಅನುಮಾನ ಬರತ್ತೆ ನೋಡಿ” ಎಂದು ನಕ್ಕರು.

ಅಲ್ಲಿಂದಲೇ ಪುಣೆಗೆ ಫೋನು ಮಾಡಿಸಿ ಅವರ ಮಗನ ಜೊತೆ ಮಾತಾಡಿದೆ. ಲಕೋಟೆ, ಪಂಚಾಂಗ, ಹೂಂ ಎಲ್ಲವನ್ನೂ ಬಿಡಿಸಿ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಆತ, “ಅಪ್ಪನಿಗೆ ಕೊಡಿ ಅಂಕಲ್” ಎಂದ. ನಾನು ಫೋನು ಕೊಟ್ಟು ಜಗುಲಿಗೆ ಬಂದು ಚಪ್ಪಲಿ ಹುಡುಕುವವನಂತೆ ನಿಂತೆ. ಕಟ್ಟಿದ 2400 ರೂಪಾಯಿಯನ್ನು ಹಿಂದಿರುಗಿಸುತ್ತೇನೆಂದರೆ ಆತ ಒಪ್ಪಲಿಲ್ಲ, ಮಕ್ಕಳಿಗೇ ಇರಲಿ ಎಂದ. ಇಸ್ತ್ರಿಯವರ ಮಗಳ ಪಿಯುಸಿ ಶುಲ್ಕಕ್ಕೆ ಅದು ಸೇರಿತು.

ರಾತ್ರಿ ಮಗಳ ಮುಂದೆ ಯಂತ್ರವನ್ನು ಚೆನ್ನಾಗಿ ಬೈದೆ. ಅವಳು ಎಲ್ಲ ಕೇಳಿಸಿಕೊಂಡು, “ಅಪ್ಪಾ, ಅದೇನೂ ತಪ್ಪು ಮಾಡಿಲ್ಲ. ಹೇಳಿದಷ್ಟು ಮಾಡಿದೆ” ಎಂದಳು. ನಿಜ. ಹೇಳಿದಷ್ಟೇ ಮಾಡುವ ಗುಮಾಸ್ತನನ್ನು ನಮ್ಮ ಸೂಪರಿಂಟೆಂಡೆಂಟರು ರವಾನೆ ಮೇಜಿನಲ್ಲಿ ಕೂರಿಸುತ್ತಿರಲಿಲ್ಲ. ಆದರೆ ಇಲ್ಲಿ ಸೂಪರಿಂಟೆಂಡೆಂಟನಾಗಿ ಇರಬೇಕಾದವನು ನಾನು, ಆ ಕುರ್ಚಿಯನ್ನು ಖಾಲಿ ಬಿಟ್ಟವನೂ ನಾನೇ. ಪತ್ರ ಯಾವಾಗ ಹೊರಡಬೇಕೆಂದು ನಿಮಿಷದ ಲೆಕ್ಕದಲ್ಲಿ ಬರೆದಿದ್ದೆವು, ರಾಹುಕಾಲವನ್ನೂ ಬಿಟ್ಟಿರಲಿಲ್ಲ. ಯಾವಾಗ ಹೊರಡಬಾರದು ಎಂಬುದಕ್ಕೆ ಮಾತ್ರ ಎರಡೇ ಬಾಗಿಲು ಇಟ್ಟಿದ್ದೆವು: ಮಿಂಚಂಚೆಗೆ ಬಂದ ಉತ್ತರ, ಲೆಕ್ಕದ ಹಾಳೆಯ ಗುರುತು. ಮನುಷ್ಯರು ಉತ್ತರ ಕೊಡಲು ಎಷ್ಟೊಂದು ಬಾಗಿಲಿನಿಂದ ಬರುತ್ತಾರೆ! ಮನೆಗೆ ಬರುತ್ತಾರೆ, ದಾರಿಯಲ್ಲಿ ಸಿಕ್ಕಿ ಹೇಳುತ್ತಾರೆ, ಹೆಂಡತಿಯ ಕೈಯಲ್ಲಿ ಕೊಟ್ಟು ಹೋಗುತ್ತಾರೆ.

ಆದ್ದರಿಂದ ಈಗ ಕ್ರಮ ಬದಲಾಗಿದೆ. ನೆನಪೋಲೆಯ ದಿನ ಬೆಳಗ್ಗೆ ಏಳಕ್ಕೆ ಯಂತ್ರ ಬಾಕಿದಾರರ ಪಟ್ಟಿಯನ್ನು ನನಗೆ ಮಾತ್ರ ಕಳಿಸುತ್ತದೆ. ನಾನು ಬ್ಯಾಂಕಿನ ಪುಸ್ತಕ ನೋಡಿ, “ಯಾರಾದರೂ ಬಂದಿದ್ದರೇನೇ?” ಎಂದು ಮನೆಯಾಕೆಯನ್ನು ಕೇಳಿ, ಪಂಚಾಂಗವನ್ನೊಮ್ಮೆ ಕೊಡವಿ, ಒಂದೊಂದು ಹೆಸರಿಗೂ ಒಪ್ಪಿಗೆ ಕೊಟ್ಟರಷ್ಟೇ ಪತ್ರ ಹೊರಡುತ್ತದೆ. ಮಧ್ಯಾಹ್ನದೊಳಗೆ ನಾನು ಒಪ್ಪದಿದ್ದರೆ ಆ ದಿನ ಯಾರಿಗೂ ಪತ್ರವಿಲ್ಲ. ಹದಿನೈದರ ಕೊನೆಯ ನೆನಪೋಲೆಯನ್ನು ತೆಗೆದೇಹಾಕಿದ್ದೇವೆ. ಅದರ ಬದಲು ಅಂದು ಯಂತ್ರ ನನಗೆ ಒಂದು ಸಾಲು ಬರೆಯುತ್ತದೆ: ‘ಇಂಥವರ ಮನೆಗೆ ಹೋಗಿ ನೋಡಿಕೊಂಡು ಬನ್ನಿ.’ ಹೋಗುತ್ತೇನೆ. ಒಮ್ಮೊಮ್ಮೆ ದುಡ್ಡು ಬರುತ್ತದೆ. ಒಮ್ಮೊಮ್ಮೆ ಆಸ್ಪತ್ರೆಯ ಖರ್ಚಿನ ಕಥೆ ಕೇಳಿ, ದುಡ್ಡಿನ ಮಾತೆತ್ತದೆ ಬರುತ್ತೇನೆ. ಮೂವತ್ತೆಂಟಕ್ಕೆ ಮೂವತ್ತೆಂಟು ಮತ್ತೆ ಆಗಿಲ್ಲ. ಮೂವತ್ತೈದು ಆದರೆ ಹಬ್ಬ.

ಮೇಷ್ಟ್ರು ಪುಣೆಗೆ ಹೋಗಲಿಲ್ಲ. ರಟ್ಟಿನ ಪೆಟ್ಟಿಗೆಯ ಪುಸ್ತಕಗಳು ಮತ್ತೆ ಕಪಾಟಿಗೆ ಏರಿದವು. ಬೆಂಚಿಗೆ ಮಾತ್ರ ಇನ್ನೂ ಬಂದಿರಲಿಲ್ಲ. ಕಾಫಿಗೆ ಬರುತ್ತೇನೆ ಎಂದು ಅವರಿಗೆ ಮಾತು ಕೊಟ್ಟಿದ್ದ ನಾನು, ನಾಚಿಕೆಯಿಂದಲೋ ಏನೋ, ಹದಿನೈದು ದಿನ ಆ ಕಡೆ ತಲೆ ಹಾಕಲಿಲ್ಲ. ಒಂದು ದಿನ ಅಂಚೆಯವನು ಒಂದು ಕಾರ್ಡು ತಂದುಕೊಟ್ಟ. ಎರಡು ಅಡ್ಡರಸ್ತೆ ಆಚೆಯಿಂದ ಬಂದದ್ದು. ಅದೇ ಮುತ್ತಿನ ಅಕ್ಷರ:

‘ವಿಷಯ: ಕಾಫಿಗೆ ಬರುವ ಬಗ್ಗೆ. ಉಲ್ಲೇಖ: ಯುಗಾದಿಯಂದು ತಾವು ಆಡಿದ ಮಾತು. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಾವು ಈವರೆಗೂ ಬಂದಿರುವುದಿಲ್ಲ. ಇದು ಒಂದನೇ ನೆನಪೋಲೆ.’

ಉತ್ತರ ಬರೆಯಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಟೆ.